ಎತ್ತರದವರ ಬೈಕಿಗೆ ಎತ್ತರದ ಹ್ಯಾಂಡಲ್ ಬಾರ್: ಅಳತೆಯಿಂದ ಜೋಡಣೆಯವರೆಗೆ

ಆರಡಿ ಮುಟ್ಟಿದ, ದಾಟಿದ ಓದುಗರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಮೈಸೂರು ಬಿಟ್ಟು ಮದ್ದೂರು ತಲುಪುವಷ್ಟರಲ್ಲಿ ಹೆಗಲು ಬಿಗಿಯುತ್ತದೆ, ಕತ್ತು ನೋಯುತ್ತದೆ, ಅಂಗೈ ಜೋಮು ಹಿಡಿಯುತ್ತದೆ. ಎತ್ತರದ ಹ್ಯಾಂಡಲ್ ಬಾರ್ ಹಾಕಿಸಿದರೆ ಸರಿಹೋಗುತ್ತದೆಯೇ? ಹಾಕಿಸುವುದಾದರೆ ಯಾವುದು?

ನೋವು ಹೆಗಲು, ಕತ್ತು, ಅಂಗೈಯಲ್ಲಿದ್ದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆದರೆ ನೀವು ಅಂದುಕೊಂಡಷ್ಟು ಎತ್ತರ ಬೇಕಾಗುವುದಿಲ್ಲ. ಗ್ರಿಪ್ ಈಗಿರುವ ಜಾಗದಿಂದ 25ರಿಂದ 50 ಮಿ.ಮೀ. ಮೇಲಕ್ಕೆ, 20ರಿಂದ 40 ಮಿ.ಮೀ. ನಿಮ್ಮ ಕಡೆಗೆ ಬಂದರೆ ಹೆಚ್ಚಿನವರಿಗೆ ಸಾಕಾಗುತ್ತದೆ. ಅಂಗಡಿಯಲ್ಲಿ ನೇತುಹಾಕಿದ್ದರಲ್ಲಿ ಚೆಂದ ಕಂಡದ್ದನ್ನು ಆರಿಸಿಕೊಂಡು ಬಂದು, ಆಮೇಲೆ ಕ್ಲಚ್ ಕೇಬಲ್ ಸಾಲುತ್ತಿಲ್ಲ, ಬ್ರೇಕ್ ಹೋಸ್ ಎಳೆಯುತ್ತಿದೆ ಎಂದು ಪರದಾಡುವವರೇ ಜಾಸ್ತಿ. ಅಳತೆ ಮೊದಲು, ಖರೀದಿ ಆಮೇಲೆ. ಈ ಕ್ರಮ ತಪ್ಪದಿದ್ದರೆ ಉಳಿದದ್ದು ಕಷ್ಟದ ಕೆಲಸವಲ್ಲ.

1. ನೋವು ಎಲ್ಲಿದೆ ಎಂದು ಗುರುತಿಸಿ

ಬೈಕ್ ಮೇಲೆ ಕೂತಾಗ ನಿಮ್ಮ ದೇಹ ಮೂರು ಕಡೆ ಗಾಡಿಯನ್ನು ಮುಟ್ಟುತ್ತದೆ: ಸೀಟು, ಫುಟ್‌ರೆಸ್ಟ್, ಗ್ರಿಪ್. ಹ್ಯಾಂಡಲ್ ಬದಲಿಸಿದರೆ ಬದಲಾಗುವುದು ಗ್ರಿಪ್ ಇರುವ ಜಾಗ ಮಾತ್ರ.

ಮಂಡಿ ನೋವು, ತೊಡೆಯ ಸೆಳೆತ ನಿಮ್ಮ ತೊಂದರೆಯಾಗಿದ್ದರೆ ಹ್ಯಾಂಡಲ್‌ಗೆ ದುಡ್ಡು ಹಾಕಬೇಡಿ. ಅದು ಸೀಟಿಗೂ ಫುಟ್‌ರೆಸ್ಟ್‌ಗೂ ನಡುವಿನ ಅಂತರ ಕಡಿಮೆಯಾಗಿ ಬರುವ ನೋವು. ಸ್ಪ್ಲೆಂಡರ್ ಪ್ಲಸ್‌ನ ಸೀಟು ನೆಲದಿಂದ 785 ಮಿ.ಮೀ., ಕ್ಲಾಸಿಕ್ 350ರದ್ದು 805 ಮಿ.ಮೀ. ಸರಾಸರಿ ಎತ್ತರದವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಇಂಥ ಸೀಟಿನ ಮೇಲೆ ಉದ್ದ ಕಾಲಿನವರು ಮಂಡಿಯನ್ನು ಹೆಚ್ಚು ಮಡಚಿ ಕೂರಬೇಕಾಗುತ್ತದೆ. ಸೀಟಿಗೆ ಗಟ್ಟಿ ಫೋಮ್ ಹಾಕಿಸಿ ಎತ್ತರಿಸುವುದು ಅದಕ್ಕೆ ಮದ್ದು.

ಇಲ್ಲೇ ಒಂದು ಎಚ್ಚರಿಕೆ. ಸೀಟನ್ನು 25 ಮಿ.ಮೀ. ಎತ್ತರಿಸಿದರೆ ನಿಮ್ಮ ಹೆಗಲಿನ ಲೆಕ್ಕದಲ್ಲಿ ಹ್ಯಾಂಡಲ್ 25 ಮಿ.ಮೀ. ಕೆಳಕ್ಕಿಳಿದಂತೆ. ಎರಡೂ ಕೆಲಸ ಮಾಡಿಸುವ ಯೋಚನೆಯಿದ್ದರೆ ಮೊದಲು ಸೀಟು ಮುಗಿಸಿ, ಆಮೇಲೆ ಹ್ಯಾಂಡಲ್‌ಗೆ ಅಳತೆ ತೆಗೆಯಿರಿ.

ಸೊಂಟದ ತೀರಾ ಕೆಳಗೆ, ಬಾಲಮೂಳೆಯ ಹತ್ತಿರ ನೋವಿದ್ದರೆ ಎತ್ತರದ ಹ್ಯಾಂಡಲ್ ಅದನ್ನು ಹೆಚ್ಚಿಸಲೂಬಹುದು. ನೆಟ್ಟಗೆ ಕೂತಷ್ಟೂ ಮೈಭಾರವೆಲ್ಲ ಸೀಟಿನ ಮೇಲೆ ಬೀಳುತ್ತದೆ, ರಸ್ತೆ ಗುಂಡಿಯ ಏಟು ನೇರ ಬೆನ್ನುಮೂಳೆಗೆ ಹೋಗುತ್ತದೆ.

2. ಕಾಸು ಖರ್ಚಿಲ್ಲದ ಕೆಲಸ ಮೊದಲು

ಗಾಡಿಯಲ್ಲಿ ಈಗಿರುವ ಬಾರ್‌ನ ಕ್ಲ್ಯಾಂಪ್ ಬೋಲ್ಟ್ ಸಡಿಲಿಸಿ, ಸ್ವಲ್ಪ ನಿಮ್ಮ ಕಡೆ ತಿರುಗಿಸಿ ನೋಡಿ. ಕ್ಲ್ಯಾಂಪ್ ಎಂದರೆ ಬಾರ್‌ನ ನಡುಭಾಗವನ್ನು ಫೋರ್ಕಿನ (ಮುಂದಿನ ಚಕ್ರವನ್ನು ಹಿಡಿದಿರುವ ಜೋಡಿ ಕೊಳವೆ) ಮೇಲಿನ ಪ್ಲೇಟಿಗೆ ಕಚ್ಚಿ ಹಿಡಿಯುವ ಜೋಡಿ ಹಿಡಿಕೆ. ನಾಲ್ಕೈದು ಡಿಗ್ರಿ ತಿರುಗಿದರೂ ಗ್ರಿಪ್ ನಿಮ್ಮ ಹತ್ತಿರ ಬರುತ್ತದೆ. ಅದಕ್ಕಿಂತ ಹೆಚ್ಚು ತಿರುಗಿಸಿದರೆ ಗ್ರಿಪ್‌ನ ತುದಿ ಕೆಳಮುಖವಾಗಿ ಮಣಿಕಟ್ಟು ಸೊಟ್ಟಗಾಗುತ್ತದೆ, ಅಲ್ಲಿಗೆ ನಿಲ್ಲಿಸಿ.

ಆಮೇಲೆ ಬ್ರೇಕ್, ಕ್ಲಚ್ ಲಿವರ್‌ಗಳ ಕೋನ ಸರಿಮಾಡಿ. ಲಿವರ್ ಮೇಲೆ ಬೆರಳಿಟ್ಟಾಗ ಮೊಣಕೈಯಿಂದ ಬೆರಳಿನವರೆಗೆ ನೇರ ಗೆರೆ ಬರಬೇಕು. ಶೋರೂಮಿನಿಂದ ಬಂದ ಗಾಡಿಗಳಲ್ಲಿ ಲಿವರ್ ಎತ್ತರದವರಿಗೆ ತೀರ ಮೇಲಿರುವುದು ಸಾಮಾನ್ಯ. ಕೈ ಜೋಮು ಹಿಡಿಯುವುದು ಈ ಒಂದೇ ತಿದ್ದುಪಡಿಯಿಂದ ನಿಂತದ್ದೂ ಉಂಟು. ಇದನ್ನು ಮಾಡಿ ಒಂದು ವಾರ ಓಡಿಸಿ. ಸಾಲದು ಅನ್ನಿಸಿದರೆ ಮಾತ್ರ ಮುಂದಕ್ಕೆ ಹೋಗಿ.

3. ಅಳತೆ ತೆಗೆಯುವುದು

ಇದಕ್ಕೆ ಬೇಕಾದದ್ದು ಟೇಪು, ಒಂದು ಮೀಟರಿನಷ್ಟು ಹಗುರ ಪಿವಿಸಿ ಪೈಪು, ಮೊಬೈಲು ಮತ್ತು ಇಬ್ಬರು ಸ್ನೇಹಿತರು.

ಸಮತಟ್ಟು ನೆಲದಲ್ಲಿ ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಸೆಂಟರ್ ಸ್ಟ್ಯಾಂಡ್ ಇಲ್ಲದ ಗಾಡಿಯಾದರೆ ಒಬ್ಬರು ಮುಂದೆ ನಿಂತು ನೆಟ್ಟಗೆ ಹಿಡಿದುಕೊಳ್ಳಲಿ. ಹೆಲ್ಮೆಟ್, ಜಾಕೆಟ್, ಬೂಟು, ದಿನವೂ ಏನು ಹಾಕಿ ಓಡಿಸುತ್ತೀರೋ ಅದನ್ನೇ ಹಾಕಿಕೊಳ್ಳಿ. ಕಾಲನ್ನು ಫುಟ್‌ರೆಸ್ಟ್ ಮೇಲಿಟ್ಟು, ಹ್ಯಾಂಡಲ್ ಬಿಟ್ಟು, ಕಣ್ಣು ಮುಚ್ಚಿ. ಹೆಗಲು ಇಳಿಬಿಡಿ. ಬೆನ್ನು ಒಂದಿಷ್ಟು ಮುಂದಕ್ಕೆ ಬಾಗಿರಲಿ, ಕುರ್ಚಿಯಲ್ಲಿ ಒರಗಿದಂತೆ ಬೇಡ. ಈಗ ಪೈಪನ್ನು ಎರಡೂ ಕೈಯಲ್ಲಿ ಹಿಡಿದು, ಮೊಣಕೈ ಸ್ವಲ್ಪ ಮಡಚಿ, ಎಲ್ಲಿ ಹಿತವಾಗಿದೆಯೋ ಅಲ್ಲಿ ನಿಲ್ಲಿಸಿ. ಕಣ್ಣು ತೆರೆಯದೆ ಇರುವುದು ಮುಖ್ಯ. ತೆರೆದರೆ ಕೈ ತಾನಾಗಿ ಹಳೆಯ ಗ್ರಿಪ್ ಕಡೆ ಹೋಗುತ್ತದೆ.

ಪೈಪು ಗ್ರಿಪ್‌ನ ನಡುಭಾಗದಿಂದ ಎಷ್ಟು ಮೇಲಿದೆ, ಎಷ್ಟು ಹಿಂದಿದೆ, ಇವೆರಡನ್ನು ಸ್ನೇಹಿತರು ಅಳೆದು ಬರೆದುಕೊಳ್ಳಲಿ. ಪಕ್ಕದಿಂದ ಒಂದು ಫೋಟೊ ತೆಗೆಯಲಿ. ಇಳಿದು, ಒಂದು ಸುತ್ತು ಓಡಾಡಿ ಬಂದು ಮತ್ತೆ ಕೂತು ಅಳೆಯಿಸಿ. ನಾಲ್ಕೈದು ಸಲ ಅಳೆದರೆ ನಿಮ್ಮ ನಿಜವಾದ ಅಂಕಿ ಎಲ್ಲಿ ನಿಲ್ಲುತ್ತದೆ ಎಂದು ಗೊತ್ತಾಗುತ್ತದೆ. ಮೇಲಕ್ಕೆ 100 ಮಿ.ಮೀ. ದಾಟಿದ ಅಂಕಿ ಬಂದರೆ ಬೆನ್ನು ತೀರ ನೆಟ್ಟಗಾಗಿದೆ ಎಂದೇ ಅನುಮಾನಿಸಿ, ಮತ್ತೆ ಅಳೆಯಿರಿ.

ನಿಮ್ಮ ಓಡಾಟದ ವೇಗವೂ ಲೆಕ್ಕಕ್ಕೆ ಬರಬೇಕು. ಮೈಸೂರು–ಬೆಂಗಳೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲ. ಸರ್ವೀಸ್ ರಸ್ತೆಯಲ್ಲಿ, ಊರೊಳಗೆ ನಿಧಾನವಾಗಿ ಓಡಿಸುವವರಿಗೆ ನೆಟ್ಟಗಿನ ಭಂಗಿ ಒಗ್ಗುತ್ತದೆ. ನಂಜನಗೂಡು, ಗುಂಡ್ಲುಪೇಟೆ ಕಡೆ 80ರ ವೇಗದಲ್ಲಿ ದೂರ ಹೋಗುವವರಾದರೆ ಎದೆಗೆ ಗಾಳಿ ಬಡಿಯುತ್ತದೆ. ಬೀಳಬಾರದೆಂದು ಹ್ಯಾಂಡಲ್ ಹಿಡಿದು ನೇತಾಡುವಂತಾಗಿ, ನಿಮಗೆ ಗೊತ್ತಿಲ್ಲದೆಯೇ ಸ್ಟೀರಿಂಗ್ ಎಳೆದಾಡುತ್ತೀರಿ. ಅಂಥವರು ಅಳತೆಯಲ್ಲಿ ಬಂದ ಎತ್ತರಕ್ಕಿಂತ ಒಂದಿಷ್ಟು ಕಡಿಮೆಯನ್ನೇ ಆರಿಸಿಕೊಳ್ಳಿ. ಎಕ್ಸ್‌ಪಲ್ಸ್, ಹಿಮಾಲಯನ್‌ನಂಥ ಗಾಡಿಯಲ್ಲಿ ನಿಂತು ಓಡಿಸುವ ಅಭ್ಯಾಸವಿದ್ದರೆ ಫುಟ್‌ರೆಸ್ಟ್ ಮೇಲೆ ನಿಂತೂ ಅಳತೆ ತೆಗೆಯಿರಿ. ಎರಡು ಅಂಕಿಗಳ ನಡುವಿನದ್ದು ಸರಿಹೊಂದುತ್ತದೆ.

4. ರೈಸರ್ ಸಾಕೇ, ಹೊಸ ಬಾರ್ ಬೇಕೇ?

ರೈಸರ್ ಎಂದರೆ ಹಳೆಯ ಬಾರ್ ಮತ್ತು ಮೇಲಿನ ಪ್ಲೇಟ್ ನಡುವೆ ಕೂರಿಸುವ ಅಲ್ಯುಮಿನಿಯಂ ತುಂಡು. 20–30 ಮಿ.ಮೀ. ಸಾಕಾಗುವವರಿಗೆ ಇದೇ ಸುಲಭ. ಬಾರ್‌ನ ಕ್ಲ್ಯಾಂಪ್ ಬಿಚ್ಚಿದರೆ ಸಾಕು, ಸ್ವಿಚ್ ಬಾಕ್ಸ್, ಗ್ರಿಪ್ ಯಾವುದನ್ನೂ ಬಿಚ್ಚಬೇಕಿಲ್ಲ, ಕೇಬಲ್ ಕೂಡ ಹಲವು ಗಾಡಿಗಳಲ್ಲಿ ಹಾಗೇ ಸಾಲುತ್ತದೆ.

ಗಾಡಿಯ ಫೋರ್ಕ್ ಹಿಂದಕ್ಕೆ ವಾಲಿರುತ್ತದಲ್ಲ, ಅದೇ ಗೆರೆಯಲ್ಲಿ ರೈಸರ್ ಮೇಲೇರಿಸಿದರೆ ಬಾರ್ ಮೇಲಕ್ಕಷ್ಟೇ ಅಲ್ಲ, ಹಿಂದಕ್ಕೂ ಬರುತ್ತದೆ. 26 ಡಿಗ್ರಿ ವಾಲಿದ ಫೋರ್ಕ್‌ಗೆ 50 ಮಿ.ಮೀ. ರೈಸರ್ ಹಾಕಿದರೆ ಸುಮಾರು 45 ಮಿ.ಮೀ. ಮೇಲಕ್ಕೆ, 22 ಮಿ.ಮೀ. ಹಿಂದಕ್ಕೆ. ನಿಮ್ಮ ಅಳತೆಯ ಎರಡು ಅಂಕಿಗೆ ಇದು ತಾಳೆಯಾದರೆ ಬೇರೆ ಬಾರ್ ಹುಡುಕುವ ಅಗತ್ಯವೇ ಇಲ್ಲ.

ರೈಸರ್ ಮೇಲೆ ರೈಸರ್ ಪೇರಿಸಬೇಡಿ. ಜೊತೆಗೆ ಬರುವ ಉದ್ದ ಬೋಲ್ಟ್‌ಗಳ ತಲೆಯ ಮೇಲೆ 8.8 ಅಥವಾ ಅದಕ್ಕಿಂತ ಹೆಚ್ಚಿನ ಅಂಕಿ ಇರಬೇಕು, ಅದು ಬೋಲ್ಟಿನ ಬಲದ ಗುರುತು. ಹಾರ್ಡ್‌ವೇರ್ ಅಂಗಡಿಯ ಗುರುತಿಲ್ಲದ ಬೋಲ್ಟ್ ಈ ಜಾಗಕ್ಕೆ ಬೇಡವೇ ಬೇಡ. 8 ಮಿ.ಮೀ. ಬೋಲ್ಟಾದರೆ ಕನಿಷ್ಠ 10–12 ಮಿ.ಮೀ. ಥ್ರೆಡ್ ಒಳಗೆ ಕಚ್ಚಿರಬೇಕು. ನಿಮ್ಮ ಗಾಡಿಯ ಕ್ಲ್ಯಾಂಪ್ ರಬ್ಬರ್ ಬುಷ್ ಮೇಲೆ ಕೂತಿದ್ದರೆ ಆ ಬುಷ್ ಸವೆದಿದೆಯೇ ನೋಡಿ. ಎತ್ತರ ಹೆಚ್ಚಿದಷ್ಟೂ ಅದರ ಮೇಲೆ ಬೀಳುವ ಬಲ ಹೆಚ್ಚಿ ಹ್ಯಾಂಡಲ್ ಆಡತೊಡಗುತ್ತದೆ.

ಆರ್15, ಆರ್‌ಎಸ್200ನಂಥ ಗಾಡಿಗಳಲ್ಲಿ ಎರಡು ತುಂಡು ಹ್ಯಾಂಡಲ್ ಫೋರ್ಕ್ ಕೊಳವೆಗೇ ಕಚ್ಚಿರುತ್ತದೆ. ಅದಕ್ಕೆ ಕ್ಲಿಪ್-ಆನ್ ಎನ್ನುತ್ತಾರೆ. ಅದನ್ನು ಕಿತ್ತು ಒಂಟಿ ಬಾರ್ ಕೂರಿಸಲು ಮೇಲಿನ ಪ್ಲೇಟಿಗೆ ತೂತು ಹೊಡೆಯುವವರಿದ್ದಾರೆ. ದಯವಿಟ್ಟು ಮಾಡಿಸಬೇಡಿ. ಆ ಗಾಡಿ ನಿಮ್ಮ ಮೈಗೆ ಹೊಂದದಿದ್ದರೆ ಗಾಡಿಯನ್ನೇ ಬದಲಿಸುವುದು ಮೇಲು.

5. ಬಾರ್ ಆರಿಸುವಾಗ ಕೇಳಬೇಕಾದ ಅಳತೆಗಳು

ಅಂಗಡಿಯವರಿಗೆ ‘ಸ್ವಲ್ಪ ಹೈಟ್ ಇರೋದು ಕೊಡಿ’ ಎಂದರೆ ಕಣ್ಣಿಗೆ ಎತ್ತರ ಕಂಡದ್ದನ್ನು ಕೊಡುತ್ತಾರೆ. ಅಂಕಿ ಹಿಡಿದು ಕೇಳಿ. ಹಳೆಯ ಬಾರ್‌ನ ಇದೇ ಅಳತೆಗಳನ್ನೂ ಬರೆದುಕೊಂಡು ಹೋದರೆ ವ್ಯತ್ಯಾಸ ಲೆಕ್ಕ ಹಾಕಬಹುದು.

ದಪ್ಪ ಮೊದಲು. ಗ್ರಿಪ್ ಕೂರುವ ಕಡೆ ನಮ್ಮ ಹೆಚ್ಚಿನ ಗಾಡಿಗಳಲ್ಲಿ 22 ಮಿ.ಮೀ. ಇರುತ್ತದೆ. ಕೆಲವು ದೊಡ್ಡ ಕ್ರೂಸರ್‌ಗಳಲ್ಲಿ 25.4, ಅಂದರೆ ಒಂದಿಂಚು. ಕ್ಲ್ಯಾಂಪ್ ಕೂರುವ ನಡುಭಾಗ ಬೇರೆ ದಪ್ಪದ್ದಾಗಿರಬಹುದು: ಗ್ರಿಪ್ ಕಡೆ 22, ನಡುವೆ 28.6 ಇರುವ ಬಾರ್‌ಗಳಿವೆ. 22ರ ಕ್ಲ್ಯಾಂಪಿಗೆ 28.6 ಕೂರುವುದಿಲ್ಲ. 28.6ರ ಕ್ಲ್ಯಾಂಪಿಗೆ ತಗಡು ಸುತ್ತಿ 22 ಕೂರಿಸುವ ಉಪಾಯ ಯಾರಾದರೂ ಹೇಳಿದರೆ ಆ ಗ್ಯಾರೇಜಿನಿಂದ ಎದ್ದು ಬನ್ನಿ. ನಡುಭಾಗದಲ್ಲಿ ಒರಟು ಗೀರುಗಳಿರಬೇಕು, ಬಾರ್ ಜಾರಿ ತಿರುಗದಂತೆ ಹಿಡಿಯುವುದು ಅದೇ.

ರೈಸ್ ಎಂದರೆ ಕ್ಲ್ಯಾಂಪಿನ ನಡುವಿನಿಂದ ಗ್ರಿಪ್ ತುದಿಯವರೆಗಿನ ಎತ್ತರ. ಪುಲ್‌ಬ್ಯಾಕ್ ಎಂದರೆ ಗ್ರಿಪ್ ಎಷ್ಟು ಹಿಂದಕ್ಕೆ ಬಾಗಿದೆ ಎಂಬುದು. ಹೊಸ ಬಾರ್‌ನ ರೈಸ್‌ನಲ್ಲಿ ಹಳೆಯದರ ರೈಸ್ ಕಳೆದರೆ ನಿಮ್ಮ ಪೈಪಿನ ಅಳತೆಗೆ ಹತ್ತಿರ ಬರಬೇಕು, ಪುಲ್‌ಬ್ಯಾಕ್ ಕೂಡ ಹಾಗೆಯೇ. ಎತ್ತರದವರು ಎಡವುವುದು ಇಲ್ಲೇ. ರೈಸ್ ಒಂದನ್ನೇ ನೋಡಿ ಪುಲ್‌ಬ್ಯಾಕ್ ಮರೆತರೆ ಹ್ಯಾಂಡಲ್ ಎತ್ತರಕ್ಕೆ ಬಂದರೂ ಕೈಗೆ ದೂರವೇ ಉಳಿದು, ಮತ್ತೆ ಬಾಗಬೇಕಾಗುತ್ತದೆ. ಪುಲ್‌ಬ್ಯಾಕ್ ಅತಿಯಾದರೆ ಪೂರ್ತಿ ತಿರುಗಿಸಿದಾಗ ಗ್ರಿಪ್ ನಿಮ್ಮ ಮಂಡಿಗೋ ಟ್ಯಾಂಕಿಗೋ ತಾಗುತ್ತದೆ. ಉದ್ದ ಕಾಲಿನವರ ಮಂಡಿ ಮೊದಲೇ ಮೇಲಿರುವುದರಿಂದ ಇದನ್ನು ಕೂತು, ತಿರುಗಿಸಿ ನೋಡಲೇಬೇಕು.

ಅಗಲ ಹೆಚ್ಚಿದರೆ ತಿರುಗಿಸಲು ಹಗುರ, ಆದರೆ ಸಂದಿಯಲ್ಲಿ ನುಗ್ಗಲು ಕಷ್ಟ. ದೇವರಾಜ ಮಾರುಕಟ್ಟೆ ಸುತ್ತಿನ ಜನಸಂದಣಿಯಲ್ಲಿ, ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯ ಸುತ್ತಿನ ಹಳ್ಳಿ ರಸ್ತೆಗಳಲ್ಲಿ ಎದುರಾಗುವ ಜಲ್ಲೆ ತುಂಬಿದ ಟ್ರ್ಯಾಕ್ಟರ್ ಪಕ್ಕದಲ್ಲಿ, ಅಗಲದ ಒಂದೊಂದು ಇಂಚೂ ಗೊತ್ತಾಗುತ್ತದೆ. ಮನೆ ಪಕ್ಕದ ಓಣಿಯಲ್ಲಿ ಗಾಡಿ ನಿಲ್ಲಿಸುವವರು ಓಣಿಯ ಅಗಲ, ಗೇಟಿನ ಅಗಲ ಅಳೆದುಕೊಂಡೇ ಹೊರಡಿ.

ಹೆಗಲಿಗಿಂತ ಮೇಲೆ ಕೈ ಎತ್ತಿ ಹಿಡಿಯುವ ತೀರಾ ಎತ್ತರದ ಬಾರ್‌ಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಕೈಗೆ ರಕ್ತ ಸರಿಯಾಗಿ ಹರಿಯದೆ ಬೆರಳು ಮರಗಟ್ಟುತ್ತದೆ, ತುರ್ತಿನಲ್ಲಿ ಗಾಡಿ ತಿರುಗಿಸುವ ಹಿಡಿತವೂ ಉಳಿಯುವುದಿಲ್ಲ.

ಲೋಹದ ವಿಷಯಕ್ಕೆ ಬಂದರೆ, ದಿನದ ಓಡಾಟಕ್ಕೆ ಒಳ್ಳೆಯ ಉಕ್ಕಿನ ಬಾರ್ ಸಾಕು. ವೆಲ್ಡಿಂಗ್ ಮಾಡಿ ಉದ್ದ ಮಾಡಿದ್ದು, ಬಗ್ಗಿದ್ದನ್ನು ಕಾಯಿಸಿ ನೆಟ್ಟಗೆ ಮಾಡಿದ್ದು, ಗುಜರಿಯಲ್ಲಿ ಸಿಕ್ಕ ಅಪಘಾತದ ಗಾಡಿಯದ್ದು ಬೇಡ. ಮೈಸೂರಲ್ಲಿ ನಿಮ್ಮ ಅಳತೆಯದ್ದು ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿವೆ. ಹೋಗುವಾಗ ಹಳೆಯ ಬಾರ್‌ನ ಫೋಟೊ ಮತ್ತು ಅಳತೆ ಜೊತೆಗಿರಲಿ.

6. ಕೇಬಲ್, ಹೋಸ್, ವೈರಿಂಗ್

ಎಷ್ಟು ಎತ್ತರಕ್ಕೆ ಹೋಗಬಹುದು ಎಂಬುದನ್ನು ಕೊನೆಗೆ ತೀರ್ಮಾನಿಸುವುದು ಇವೇ. ಹೊಸ ಬಾರ್ ಕೊಳ್ಳುವ ಮೊದಲು ಹಳೆಯ ಬಾರ್‌ನ ಕ್ಲ್ಯಾಂಪ್ ಬಿಚ್ಚಿ, ಬಾರ್ ಅನ್ನು ಕೈಯಲ್ಲೇ ಹೊಸ ಎತ್ತರಕ್ಕೆ ಹಿಡಿದು ಎರಡೂ ಕಡೆ ತಿರುಗಿಸಿ. ಎಲ್ಲಿ ಎಳೆಯುತ್ತದೆ ಎಂದು ಕಾಣುತ್ತದೆ. ಕೆಲವೊಮ್ಮೆ ಕೇಬಲ್ ಹಾದುಹೋಗುವ ದಾರಿ ಬದಲಿಸಿದರೆ, ಒಂದು ಟೈ ಬಿಚ್ಚಿದರೆ ಬೇಕಾದಷ್ಟು ಸಡಿಲ ಸಿಗುತ್ತದೆ.

ಎಕ್ಸಲೇಟರ್ ಮತ್ತು ಕ್ಲಚ್ ಕೇಬಲ್ ಸಾಲದಿದ್ದರೆ ಉದ್ದದ್ದನ್ನು ಹಾಕಿಸಬೇಕು. ಒಳತಂತಿಗೆ ಗಂಟು ಹಾಕಿ ಉದ್ದ ಮಾಡುವಂತಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದರೂ ಅಲ್ಲಿ ತಯಾರಾದ ಯೆಜ್ಡಿಗಳು ಮೈಸೂರಿನ ಬೀದಿಗಳಲ್ಲಿ ಇನ್ನೂ ಓಡುತ್ತಿವೆ. ಅವುಗಳ ಮುಂದಿನ ಬ್ರೇಕ್ ಡ್ರಮ್, ನಡೆಯುವುದು ಕೇಬಲ್ ಮೇಲೆ, ಆದ್ದರಿಂದ ಉದ್ದದ ಕೇಬಲ್ ಹಾಕಿಸಿದರೆ ಬ್ರೇಕಿನ ಕಡೆಯ ಕೆಲಸ ಮುಗಿಯಿತು.

ಡಿಸ್ಕ್ ಬ್ರೇಕ್ ಗಾಡಿಗೆ ಅಷ್ಟು ಸುಲಭವಿಲ್ಲ. ಮುಂದಿನ ಬ್ರೇಕ್ ಹೋಸ್ ಎಳೆದುಕೊಂಡು ನಿಲ್ಲುವ ಸ್ಥಿತಿ ಒಂದಿಷ್ಟೂ ಇರಬಾರದು. ಗುಂಡಿಗೆ ಬಿದ್ದಾಗ, ಪೂರ್ತಿ ತಿರುಗಿಸಿದಾಗ ಹೋಸ್ ಕಿತ್ತುಕೊಂಡರೆ ಬ್ರೇಕ್ ಇಲ್ಲ. ಉದ್ದದ ಹೋಸ್ ಹಾಕಿಸಿದ ಮೇಲೆ ಬ್ಲೀಡಿಂಗ್ ಮಾಡಿಸಬೇಕು, ಅಂದರೆ ಕೊಳವೆಯೊಳಗೆ ಸಿಕ್ಕಿದ ಗಾಳಿಯನ್ನೆಲ್ಲ ಹೊರಗೆ ತೆಗೆಯುವುದು. ಹೋಸ್ ತುದಿಯ ವಾಷರ್‌ಗಳು ಹೊಸದಾಗಿರಬೇಕು. ಬ್ರೇಕ್ ಆಯಿಲ್ ಅದರ ಡಬ್ಬದ ಮುಚ್ಚಳದ ಮೇಲೆ ಬರೆದ ದರ್ಜೆಯದ್ದೇ ಇರಲಿ, ಹೆಚ್ಚಾಗಿ ಅದು ಡಾಟ್ 4. ಎಂದೋ ತೆರೆದಿಟ್ಟ ಬಾಟಲಿಯದ್ದು ಬೇಡ, ಅದು ಗಾಳಿಯ ತೇವ ಹೀರಿಕೊಂಡಿರುತ್ತದೆ. ಟ್ಯಾಂಕಿನ ಮೇಲೆ ಚೆಲ್ಲಿದರೆ ಬಣ್ಣ ಕಿತ್ತುಬರುತ್ತದೆ, ತಕ್ಷಣ ನೀರು ಹಾಕಿ ತೊಳೆಯಿರಿ.

125 ಸಿಸಿ ಮೀರಿದ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಗಿದೆ. ಇದು ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ. ಎಬಿಎಸ್ ಇರುವ ಗಾಡಿಯ ಹೋಸ್ ಕೆಲಸವನ್ನು ರಸ್ತೆಬದಿ ಗ್ಯಾರೇಜಿಗೆ ಕೊಡಬೇಡಿ. ಕಂಪನಿ ಸರ್ವೀಸ್ ಸೆಂಟರಿನಲ್ಲೇ ಮಾಡಿಸಿ, ಅವರು ಒಪ್ಪದಿದ್ದರೆ ಹಳೆಯ ಹೋಸ್‌ಗೆ ಸಾಲುವಷ್ಟು ಎತ್ತರಕ್ಕೇ ತೃಪ್ತಿಪಟ್ಟುಕೊಳ್ಳಿ.

ಸ್ವಿಚ್ ವೈರು ಗಿಡ್ಡವಾದರೆ ಹೆಡ್‌ಲೈಟ್ ಹಿಂದೆ ಸುತ್ತಿಟ್ಟ ಉದ್ದ ಸಿಗುತ್ತದೆಯೇ ನೋಡಿ. ಕತ್ತರಿಸಿ ಜೋಡಿಸಲೇಬೇಕಾದರೆ ಅದೇ ದಪ್ಪದ ವೈರು, ಸೋಲ್ಡರ್, ಮೇಲೆ ಹೀಟ್ ಶ್ರಿಂಕ್ ಕೊಳವೆ, ಅಂದರೆ ಕಾಯಿಸಿದರೆ ಕುಗ್ಗಿ ಬಿಗಿಯಾಗಿ ಕೂರುವ ಕೊಳವೆ. ಬರೀ ತಿರುಚಿ ಟೇಪ್ ಸುತ್ತಿದ್ದು ಮೊದಲ ಮಳೆಗೇ ಕೈಕೊಡುತ್ತದೆ.

7. ಕಾನೂನು ಮತ್ತು ವಿಮೆ

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಸೆಕ್ಷನ್ 182ಎ ಪ್ರಕಾರ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ ಆಗಬಹುದು. ಆದ್ದರಿಂದ ನಿಮ್ಮ ಮಾದರಿಗೆಂದೇ ಕಂಪನಿ ಮಾರುವ ಬಾರ್ ಅಥವಾ ರೈಸರ್ ಇದ್ದರೆ ಅದನ್ನೇ ಮೊದಲು ನೋಡಿ, ಬಿಲ್ ಇಟ್ಟುಕೊಳ್ಳಿ. ಇಲ್ಲದಿದ್ದರೆ ನಿಮ್ಮ ಆರ್‌ಟಿಒ ಕಚೇರಿಯಲ್ಲಿ, ಕೆಎ-09, ಕೆಎ-55 ಅಥವಾ ಮಂಡ್ಯದ ಕೆಎ-11, ಕೊಳ್ಳುವ ಮೊದಲೇ ವಿಚಾರಿಸಿ. ವಿಮಾ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಿ. ವಾರಂಟಿ ಇನ್ನೂ ಇರುವ ಗಾಡಿಯಾದರೆ ಡೀಲರ್ ಜೊತೆ ಮಾತಾಡಿದ ಮೇಲೆಯೇ ಕೈ ಹಾಕಿ.

8. ಜೋಡಿಸುವುದು

ಬಿಚ್ಚುವ ಮೊದಲು ಎಲ್ಲ ಕೋನದಿಂದ ಫೋಟೊ ತೆಗೆದುಕೊಳ್ಳಿ, ಟ್ಯಾಂಕಿನ ಮೇಲೆ ದಪ್ಪ ಬಟ್ಟೆ ಹಾಸಿ. ಬ್ರೇಕ್ ಆಯಿಲ್ ಡಬ್ಬವನ್ನು ತಲೆಕೆಳಗಾಗಿ ನೇತಾಡಲು ಬಿಡಬೇಡಿ, ಗಾಳಿ ಸೇರುತ್ತದೆ.

ಹಲವು ಗಾಡಿಗಳ ಸ್ವಿಚ್ ಬಾಕ್ಸ್ ಒಳಗೆ ಒಂದು ಪುಟ್ಟ ಮೊಳೆಯಂಥ ಪಿನ್ ಇರುತ್ತದೆ, ಬಾರ್‌ನ ತೂತಿಗೆ ಅದು ಕೂತರೆ ಸ್ವಿಚ್ ತಿರುಗುವುದಿಲ್ಲ. ಹೊಸ ಬಾರ್‌ನಲ್ಲಿ ಆ ತೂತು ಇರದಿದ್ದರೆ ಬಾರ್ ಕೂರಿಸಿ, ಲಿವರ್ ಕೋನ ಸರಿಮಾಡಿ, ಜಾಗ ಗುರುತು ಹಾಕಿದ ಮೇಲೆ ಪಿನ್ನಿನಷ್ಟೇ ಅಳತೆಗೆ ಕೊರೆಯಿಸಿ. ಪಿನ್ ಕತ್ತರಿಸಿ ಹಾಕುವ ಅಡ್ಡದಾರಿ ಬೇಡ. ಎಕ್ಸಲೇಟರ್ ಕಡೆ ಸ್ವಿಚ್ ಬಾಕ್ಸ್ ತಿರುಗಿದರೆ ಕೇಬಲ್ ಕೂಡ ಎಳೆಯುತ್ತದೆ.

ಕ್ಲ್ಯಾಂಪ್ ಬೋಲ್ಟ್‌ಗಳನ್ನು ಒಂದೊಂದಾಗಿ ಪೂರ್ತಿ ಬಿಗಿಯದೆ, ಸ್ವಲ್ಪ ಸ್ವಲ್ಪ ಎಲ್ಲವನ್ನೂ ಸಮವಾಗಿ ಬಿಗಿಯಿರಿ. 8 ಮಿ.ಮೀ. ಬೋಲ್ಟ್‌ಗಳಿಗೆ ಸಾಮಾನ್ಯವಾಗಿ 20–25 ನ್ಯೂಟನ್ ಮೀಟರ್ ಬಿಗಿ. ನಿಮ್ಮ ಗಾಡಿಯ ಕೈಪಿಡಿಯ ಅಂಕಿ ಬೇರೆಯಿದ್ದರೆ ಅದೇ ಅಂತಿಮ. ಕ್ಲ್ಯಾಂಪ್ ಮೇಲೆ ಚುಕ್ಕೆ ಗುರುತು ಇದ್ದರೆ ಯಾವ ಕಡೆ ಮೊದಲು ಬಿಗಿಯಬೇಕೆಂದು ಕೈಪಿಡಿ ಹೇಳುತ್ತದೆ. ಕೈಯಳತೆಯಲ್ಲಿ ಬಿಗಿಯುವ ಮೆಕ್ಯಾನಿಕ್‌ಗೆ ‘ಟಾರ್ಕ್ ರೆಂಚಲ್ಲೇ ಬಿಗಿಯಣ್ಣ’ ಎಂದು ಹೇಳಲು ಸಂಕೋಚ ಬೇಡ. ಅಲ್ಯುಮಿನಿಯಂ ಥ್ರೆಡ್ ಒಮ್ಮೆ ಹೋದರೆ ಮೇಲಿನ ಪ್ಲೇಟಿಗೇ ಖರ್ಚು ಬರುತ್ತದೆ.

9. ರಸ್ತೆಗಿಳಿಯುವ ಮೊದಲು

ಗಾಡಿ ನ್ಯೂಟ್ರಲ್‌ನಲ್ಲಿರಲಿ, ಎಂಜಿನ್ ಸ್ಟಾರ್ಟ್ ಮಾಡಿ ಹ್ಯಾಂಡಲ್ ಅನ್ನು ಎಡದ ಕೊನೆಯಿಂದ ಬಲದ ಕೊನೆಗೆ ನಿಧಾನವಾಗಿ ತಿರುಗಿಸಿ. ಎಂಜಿನ್ ಸದ್ದು ಒಂದಿಷ್ಟು ಏರಿದರೂ ಎಕ್ಸಲೇಟರ್ ಕೇಬಲ್ ಎಳೆಯುತ್ತಿದೆ ಎಂದರ್ಥ. ಅದನ್ನು ಸರಿಪಡಿಸದೆ ಮನೆಯಿಂದ ಹೊರಡಬೇಡಿ, ಯೂ ಟರ್ನ್ ಮಾಡುವಾಗ ಗಾಡಿ ತಾನಾಗಿ ನುಗ್ಗುತ್ತದೆ. ಎಕ್ಸಲೇಟರ್ ತಿರುಗಿಸಿ ಬಿಟ್ಟರೆ ಟಕ್ಕನೆ ಹಿಂದಕ್ಕೆ ಬರಬೇಕು, ಎರಡೂ ಕೊನೆಯಲ್ಲಿ. ಕ್ಲಚ್ ಲಿವರ್‌ನ ಸಡಿಲ ಕೈಪಿಡಿ ಹೇಳಿದಷ್ಟಿದೆಯೇ ನೋಡಿ. ಹಾರ್ನ್, ಇಂಡಿಕೇಟರ್, ಕಿಲ್ ಸ್ವಿಚ್, ಲಿವರ್ ಒತ್ತಿದಾಗ ಬ್ರೇಕ್ ಲೈಟ್, ಎಲ್ಲವನ್ನೂ ಹ್ಯಾಂಡಲ್ ಮೂರು ಸ್ಥಾನದಲ್ಲಿಟ್ಟು ಪರೀಕ್ಷಿಸಿ. ಕನ್ನಡಿಗಳು ಜಾಗ ಬದಲಿಸಿರುತ್ತವೆ, ಹೊಸದಾಗಿ ಹೊಂದಿಸಿ.

ಮುಂದಿನ ಬ್ರೇಕ್ ಲಿವರ್ ಒತ್ತಿ ಹಿಡಿದು ಗಾಡಿಯನ್ನು ಮುಂದೆ ಹಿಂದೆ ತಳ್ಳಿ. ಹ್ಯಾಂಡಲ್ ಬುಡದಲ್ಲಿ ಕಟಕಟ ಅನ್ನಿಸಿದರೆ ಕೋನ್‌ಸೆಟ್, ಅಂದರೆ ಸ್ಟೀರಿಂಗ್ ಬುಡದ ಬೇರಿಂಗ್, ಸಡಿಲವಾಗಿರಬಹುದು ಅಥವಾ ಸವೆದಿರಬಹುದು. ಎತ್ತರದ ಬಾರ್‌ನಲ್ಲಿ ಆ ಅಲುಗಾಟ ಇನ್ನೂ ಹೆಚ್ಚಾಗಿ ಕಾಣುತ್ತದೆ, ಅದನ್ನು ಈಗಲೇ ಸರಿಪಡಿಸಿ.

ಮೊದಲ ಸುತ್ತಿಗೆ ಮೈಸೂರಿನ ಹೊರವಲಯದ ಖಾಲಿ ಬಡಾವಣೆ ರಸ್ತೆಗಳು ಸೂಕ್ತ. ನಿಧಾನವಾಗಿ ಎಂಟರ ಆಕಾರ ಸುತ್ತಿ, ಜೋರಾಗಿ ಬ್ರೇಕ್ ಹಿಡಿದು ನೋಡಿ, ಯೂ ಟರ್ನ್ ಮಾಡಿ. ಅದು ಹಿಡಿತಕ್ಕೆ ಬಂದ ಮೇಲೆ ರಿಂಗ್ ರಸ್ತೆ, ಆಮೇಲೆ ಚಾಮುಂಡಿ ಬೆಟ್ಟದ ತಿರುವುಗಳು. ಮಂಡ್ಯ, ಪಾಂಡವಪುರ ಕಡೆಯವರಿಗೆ ಒಂದು ಕಳಕಳಿಯ ಮಾತು: ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿಯ ಮೇಲೆ ಪರೀಕ್ಷೆ ಮಾಡಬೇಡಿ. ಎಷ್ಟೋ ಕಡೆ ತಡೆಗೋಡೆಯಿಲ್ಲ, ಹೊಸ ಹ್ಯಾಂಡಲ್‌ಗೆ ಕೈ ಒಗ್ಗುವವರೆಗೆ ಆ ದಾರಿ ಬೇಡ.

ಸುಮಾರು 100 ಕಿ.ಮೀ. ಓಡಿಸಿದ ಮೇಲೆ ಕ್ಲ್ಯಾಂಪ್ ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ ಮತ್ತೊಮ್ಮೆ ಪರೀಕ್ಷಿಸಿ. ಕೇಬಲ್, ಹೋಸ್ ಎಲ್ಲಾದರೂ ಉಜ್ಜಿ ಹೊಳಪು ಬಂದಿದೆಯೇ ನೋಡಿ, ಬಂದಿದ್ದರೆ ಅಲ್ಲಿಂದ ದಾರಿ ಬದಲಿಸಿ ಕಟ್ಟಿಸಿ. ಹಳೆಯ ಬಾರ್, ಕೇಬಲ್, ಬೋಲ್ಟ್‌ಗಳನ್ನು ಗ್ಯಾರೇಜಿನಲ್ಲೇ ಬಿಟ್ಟು ಬರದೆ ಮನೆಗೆ ತನ್ನಿ. ಗಾಡಿ ಮಾರುವಾಗ ಅಥವಾ ಆರ್‌ಟಿಒ ಪರಿಶೀಲನೆಗೆ ಒಯ್ಯುವಾಗ ಅವು ಬೇಕಾಗುತ್ತವೆ.